ಗುಡ್ಡಕ್ಕೊಂದು ಕಂಬಳಿ

ಹಸಿ ಕಂಬಳಿಯ ವಾಸನೆ ಎಲ್ಲರಿಗೂ ಆಗಿಬರುವುದಿಲ್ಲ. ಮೊನ್ನೆ ಕೊಟ್ಟೂರಿನಿಂದ ಹರಪನಹಳ್ಳಿಗೆ ಬರುವಾಗ, ಜಿಟಿಜಿಟಿ ಮಳೆಯಲ್ಲಿ ಪೂರ್ತಿ ನೆನೆದ ಕುರಿಗಾರ ಅಜ್ಜನೊಬ್ಬ ದಾರಿಯಲ್ಲಿ ಬಸ್ಸು ಹತ್ತಿದ. ಹೆಗಲ ಮೇಲಿನ ಕರಿಕಂಬಳಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಸುಪಾಸಿನವರು ಒಬ್ಬೊಬ್ಬರಾಗಿ ಮೂಗಿಗೆ ಕರವಸ್ತ್ರ ಹಿಡಿದರು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಎದ್ದೇ ಹೋದಳು. ನಾನು ಹಿಂದಿನ ಸೀಟಿನಿಂದ ಎದ್ದು ಬಂದು ಅವಳು ಬಿಟ್ಟ ಜಾಗದಲ್ಲಿ ಕೂತೆ. ಅಜ್ಜ ನನ್ನನ್ನು ಅನುಮಾನದಿಂದ ನೋಡಿದ.

"ಕಂಬಳಿ ನೆನದೈತವ್ವ, ವಾಸ್ನಿ ಬರ್ತೈತಿ," ಅಂದ.

"ಬರಲಿ ಬಿಡಜ್ಜ," ಅಂದೆ.

ಕುರಿಯ ಮೈವಾಸನೆ, ನೂಲಿಗೆ ಬಳಿದ ಹುಣಸೇಬೀಜದ ಗಂಜಿಯ ಹುಳಿ, ಒಲೆಯ ಹೊಗೆ. ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಒಂದು ಚಳಿಗಾಲ ಪೂರ್ತಿ ವಾಪಸ್ಸು ಬರುತ್ತದೆ. ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಬರುವವರೆಗೂ ನಾನು ಬಸ್ಸಿನಲ್ಲಿರಲಿಲ್ಲ, ಕೂಡ್ಲಿಗಿ ಸೀಮೆಯ ಒಂದು ಗುಡ್ಡದ ಕೆಳಗಿದ್ದೆ.

ನಾನು ಅರಣ್ಯ ಇಲಾಖೆಯಲ್ಲಿ ಗಾರ್ಡ್. ನಮ್ಮೂರು ನೀಲಗುಂದ, ಭೀಮೇಶ್ವರನ ಗುಡಿಯ ಹಿಂದಿನ ಓಣಿ. ಮೊದಲ ಪೋಸ್ಟಿಂಗ್ ಸಿಕ್ಕಿದ್ದು ಕೂಡ್ಲಿಗಿ ತಾಲ್ಲೂಕಿನ ಒಂದು ಕುರಿಗಾರರ ಹಟ್ಟಿಯಲ್ಲಿ. ದಿನಕ್ಕೆ ಬಂದರೆ ಒಂದು ಬಸ್ಸು ಬರುವ ಊರು. ಅದರ ಹಿಂದೆಯೇ ಗುಡ್ಡ. ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಯಾರೋ ತಂದು ಸುರಿದು ಮರೆತುಹೋದಂತೆ ಇತ್ತು. ನಡುನಡುವೆ ಸೀತಾಫಲ, ಕಾರೆಕಂಟಿ, ಜಾಲಿ. ಬಂಡೆಗಳ ಸಂದಿಯ ಗವಿಗಳಲ್ಲಿ ಕರಡಿಗಳು. ಅವುಗಳ ಸಲುವಾಗಿಯೇ ಗುಡ್ಡವನ್ನು ಕಾಯ್ದಿಟ್ಟಿದ್ದರು. ಅರ್ಧ ಗುಡ್ಡದಲ್ಲಿ ಒಂದು ಗೇಟು, ಗೇಟಿನ ಮೇಲೆ ಹಳದಿ ಬೋರ್ಡು. ಅಲ್ಲಿಂದ ಮೇಲೆ ಜನ ಹೋಗುವಂತಿಲ್ಲ. ಹೋಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ.

ಇಲಾಖೆಯ ನಕಾಶೆಯಲ್ಲಿ ಆ ಗುಡ್ಡಕ್ಕೊಂದು ನಂಬರಿತ್ತು. ಹಟ್ಟಿಯವರಿಗೆ ಅದು ಬರೀ ಅವ್ವ. ಮೊದಮೊದಲು ಯಾರು ಯಾರ ತಾಯಿಯ ಬಗ್ಗೆ ಮಾತಾಡುತ್ತಿದ್ದಾರೆಂದೇ ನನಗೆ ತಿಳಿಯುತ್ತಿರಲಿಲ್ಲ. "ಅವ್ವ ಇವತ್ತು ಮಾರಿ ತೋರಿಸಿಲ್ಲ" ಎಂದರೆ ಕಾವಳದ ಮಂಜು ಬಿದ್ದು ಗುಡ್ಡ ಮುಚ್ಚಿದೆ ಎಂದು. "ಅವ್ವ ಕಂಬಳಿ ಹೊದ್ಕೊಂಡಾಳ" ಎಂದರೆ ತುದಿಗೆ ಕರಿಮೋಡ ಕೂತಿದೆ, ಅಂಗಳದ ಶೇಂಗಾ ಒಳಗೆ ಹಾಕಿಕೊಳ್ಳಿ ಎಂದು. ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳು ಹೆತ್ತವಳ ಕಾಲಿಗೆ ಬಿದ್ದು, ಆಮೇಲೆ ಅಂಗಳಕ್ಕಿಳಿದು ಗುಡ್ಡಕ್ಕೆ ಕೈಮುಗಿಯುತ್ತಿದ್ದರು. ಹುಟ್ಟಿದ ಕೂಸನ್ನು ಮೊದಲ ಸಲ ಹೊರಗೆ ತಂದಾಗ ಸೂರ್ಯನಿಗಿಂತ ಮುಂಚೆ ಗುಡ್ಡಕ್ಕೆ ತೋರಿಸುತ್ತಿದ್ದರು. ಗುಡ್ಡದ ಮೇಲಿದ್ದಾಗ ಯಾರೂ ಕರಡಿ ಎನ್ನುವ ಹೆಸರು ಎತ್ತುತ್ತಿರಲಿಲ್ಲ. ಗಂಡಾದರೆ 'ಕಂಬಳ್ಯಾತ', ಹೆಣ್ಣಾದರೆ 'ಕಂಬಳ್ಯಾಕಿ'. ನಾನು ರಿಜಿಸ್ಟರಿನಲ್ಲಿ ಕರಡಿ ಎಂದು ಬರೆಯುತ್ತಿದ್ದೆ, ಬಾಯಲ್ಲಿ ನಾನೂ ಕಂಬಳ್ಯಾಕಿ ಎನ್ನುವುದನ್ನು ಕಲಿತುಬಿಟ್ಟೆ.

ಬಾಡಿಗೆಗೆ ಸಿಕ್ಕಿದ್ದು ಈರವ್ವನ ಮನೆಯ ಪಡಸಾಲೆಯ ಪಕ್ಕದ ಕೋಣೆ. ಈರವ್ವನ ಗಂಡ ಕುರಿಹಿಂಡು ಹೊಡೆದುಕೊಂಡು ಮಾಗಳದ ಕಡೆಯ ಹೊಳೆದಂಡೆಯ ಹೊಲಗಳಿಗೆ ಹೋದವನು ಬೇಸಿಗೆಯವರೆಗೂ ಬರುವವನಲ್ಲ. ಮಗಳು ಗಂಗವ್ವನನ್ನು ಕೊಟ್ಟಿದ್ದೂ ಮಾಗಳಕ್ಕೇ. ಅವಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಈರವ್ವನ ತಮ್ಮ ನಿಂಗಪ್ಪ ಇಲಾಖೆಯಲ್ಲಿ ವಾಚರ್, ಅಂದರೆ ನನ್ನ ಜೊತೆ ಗಸ್ತು ತಿರುಗುವವನು. ಬಿಡುವಿನಲ್ಲಿ ಕಂಬಳಿ ನೇಯುವವನು. ಹೀಗೆ ನಾನು ಕಾಯುವ ಗುಡ್ಡ, ನನ್ನ ಕೈಕೆಳಗಿನವನು, ನನ್ನ ಊಟ, ಎಲ್ಲವೂ ಒಂದೇ ಮನೆಯ ಹಿತ್ತಿಲಲ್ಲಿ ಬಂದು ಸೇರಿದ್ದವು.

ಅಡುಗೆ ಮಾಡಿಕೊಳ್ಳಬೇಕೆಂದು ನಾನು ಸ್ಟೋವ್ ಕೊಂಡೊಯ್ದಿದ್ದೆ. ಅದನ್ನು ಹಚ್ಚಲು ಈರವ್ವ ಬಿಡಲೇ ಇಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ತಟ್ಟೆ, ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. "ಗಾರ್ಡಮ್ಮಾರ, ಉಂಡು ಹೋಗ್ರಿ. ಹಸದ ಹೊಟ್ಯಾಗ ಗುಡ್ಡ ಹತ್ತಿದ್ರ ಅವ್ವ ನಮಗ ಬೈತಾಳ," ಎನ್ನುವಳು. ಗಂಗವ್ವ ಒಳಗಿನಿಂದಲೇ ನನ್ನನ್ನು ಅಣಕಿಸುವಳು. ನನ್ನ ಹರಪನಹಳ್ಳಿ ಕಡೆಯ ಮಾತು ಅವಳಿಗೆ ಭಾರಿ ಮೋಜು. "ನೀವು ಮಾತಾಡಿದ್ರ ದಾವಣಗೇರಿ ಬೆಣ್ಣಿದ್ವಾಸಿ ತಿಂದಂಗ ಅಕ್ಕೈತಿ ನೋಡ್ರಿ, ಬರೇ ಮೆತ್ತಗ," ಎಂದು ಹೊಟ್ಟೆ ಹಿಡಿದುಕೊಂಡು ನಗುವಳು. ಆ ಹೊಟ್ಟೆಯಲ್ಲಿ ಏಳು ತಿಂಗಳ ಕೂಸಿತ್ತು. ಈರವ್ವ "ಹಂಗ ನಗಬ್ಯಾಡಲೇ" ಎಂದು ಹೆದರಿಕೆಯಿಂದ ಗದರುವಳು.

ಹೆದರಿಕೆಗೆ ಕಾರಣವಿತ್ತು. ಗಂಗವ್ವನಿಗೆ ಅದು ಮೂರನೆಯ ಬಸಿರು. ಮೊದಲಿನ ಎರಡೂ ದಿನ ತುಂಬುವ ಮುಂಚೆಯೇ ಹೋಗಿದ್ದವು. ಬಿ.ಪಿ. ಏರುತ್ತದೆ, ಮಾತ್ರೆ ತಪ್ಪಿಸಬಾರದು, ನೋವು ಕಂಡ ಕೂಡಲೇ ಕರೆದುಕೊಂಡು ಬರಬೇಕು ಎಂದು ಕೂಡ್ಲಿಗಿಯ ಡಾಕ್ಟರಮ್ಮ ಹೇಳಿದ್ದರು. ಈರವ್ವ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸುತ್ತಿರಲಿಲ್ಲ, ಆದರೆ ಅವಳ ಲೆಕ್ಕದಲ್ಲಿ ಕಾರಣ ಬೇರೆಯೇ ಇತ್ತು. ಅದನ್ನು ನನಗೆ ಹೇಳಿದವನು ನಿಂಗಪ್ಪ, ಗಸ್ತಿನ ದಾರಿಯಲ್ಲಿ, ನನ್ನ ಮುಖ ನೋಡದೆ.

ಹಟ್ಟಿಯಲ್ಲಿ ಮೊದಲಿನಿಂದ ನಡೆದುಬಂದದ್ದು ಹೀಗೆ. ಮಗಳು ಬಸಿರಾಗಿ ತವರಿಗೆ ಬಂದರೆ ತಾಯಿ ತನ್ನ ಹಿಂಡಿನ ಕರಿಕುರಿಯ ಉಣ್ಣೆಯಿಂದ ನೂಲು ತೆಗೆದು ಒಂದು ಕಂಬಳಿ ನೇಯಿಸಬೇಕು. ಅದರ ಒಂದು ಮೂಲೆಗೆ ಬೆಲ್ಲ, ಹುರಿಗಡಲೆ ಗಂಟು ಕಟ್ಟಬೇಕು. ಆ ಮನೆಯ ಹೆಣ್ಣುಮಗಳೊಬ್ಬಳು ಅದನ್ನು ಗುಡ್ಡದ ತುದಿಗೆ ಒಯ್ದು ಅಲ್ಲಿರುವ ಬೋಳು ಗುಂಡುಕಲ್ಲಿಗೆ, ಅವ್ವನ ಗುಂಡಿಗೆ, ಹೊದಿಸಿ ತಿರುಗಿ ನೋಡದೆ ಇಳಿದು ಬರಬೇಕು. ಕೆಲವು ದಿನಕ್ಕೆ ಕಂಬಳಿ ಅಲ್ಲಿಂದ ಇಲ್ಲವಾಗುತ್ತದೆ. ಅವ್ವ ತಗೊಂಡಳು ಎಂದರ್ಥ. ಅವ್ವಗ ನಾವು ಹೊದಿಸಿದರ ನಮ್ಮ ಕೂಸಿಗೆ ಅವ್ವ ಹೊದಿಸ್ತಾಳ.

"ಗಂಗಿ ಮೊದಲನೇದಕ್ಕ ಬೀಗರು ಅದೆಲ್ಲ ಬ್ಯಾಡ ಅಂದ್ರು, ಬಿಟ್ವಿ," ಅಂದ ನಿಂಗಪ್ಪ. "ಎರಡನೇದಕ್ಕ ಗೇಟ್ ಬಂದಿತ್ತು. ಮ್ಯಾಲೆ ಬಿಡಲಿಲ್ಲ. ಗೇಟಿನ ಮ್ಯಾಲ ಹಾಕಿ ಬಂದ್ವಿ. ಅದು ಅಲ್ಲೇ ಮಳಿಯಾಗ ಕೊಳತು ಹೋತ್ರಿ."

ಹೇಳಲು ನನ್ನ ಬಳಿ ಇದ್ದದ್ದು ಬೇರೆ. ಗೇಟು ಸುಮ್ಮನೆ ಬಂದದ್ದಲ್ಲ. ಪಕ್ಕದ ಹಟ್ಟಿಯ ಒಬ್ಬಾತ ಮರಿ ಹಾಕಿದ ಕರಡಿಯ ಗವಿ ತುಳಿದು ಒಂದು ಕಣ್ಣು, ಅರ್ಧ ಕೆನ್ನೆ ಕಳೆದುಕೊಂಡಿದ್ದ. ಕೆಲಸಕ್ಕೆ ಸೇರಿದ ವಾರದಲ್ಲೇ ಆತನನ್ನು ನೋಡಿದ್ದೆ. ಮರಿಗಳು ಹುಟ್ಟುವುದೂ ಚಳಿಗಾಲದಲ್ಲಿ, ಈರವ್ವನ ಕಂಬಳಿ ಏರಬೇಕಾದದ್ದೂ ಚಳಿಗಾಲದಲ್ಲಿ.

ಈರವ್ವ ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ ಇಲ್ಲ ಎನ್ನಬಹುದಿತ್ತು, ಒಂದು ದಿನ ಮುನಿಸಿಕೊಂಡು ಮುಗಿಯುತ್ತಿತ್ತು. ದೀಪಾವಳಿ ಕಳೆದು ಗಂಡ ಮಾಗಳದಿಂದ ಕತ್ತರಿಸಿ ಕಳಿಸಿದ ಕುರಿಯ ತುಪ್ಪಟವನ್ನು ದಿನವೂ ಸಂಜೆ ನನ್ನ ಕೋಣೆಯ ಬಾಗಿಲೆದುರೇ ಹರಡಿಕೊಂಡು ಕೂರುವಳು. ಕಸ ಆರಿಸುವಳು, ಹಿಂಜುವಳು, ರಾಟಿ ತಿರುಗಿಸುವಳು. ಗರ್ ಗರ್ ಎನ್ನುವ ಆ ಸದ್ದು ನನ್ನ ತಲೆಯೊಳಗೇ ತಿರುಗುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ನಮ್ಮಮ್ಮ ಯಾವಾಗಲೂ ಹೇಳುತ್ತಾಳೆ. ಒಂದು ಸಂಜೆ ತಡೆಯದೆ ನಾನೇ ಬಾಯಿ ಬಿಟ್ಟೆ.

"ಈರಮ್ಮಾರೆ, ಇದನ್ನ ನೇಯ್ಸಿ ಏನ್ ಮಾಡ್ತೀರಿ? ಮೇಲೆ ಬಿಡಂಗಿಲ್ಲ ಅಂತ ಗೊತ್ತೈತಲ್ಲ?"

"ಗೊತ್ತೈತಿ ಬಿಡ್ರಿ."

"ಮತ್ತೆ?"

"ನೂಲೋದು ನನ್ನ ಕೆಲಸ. ಬಿಡೋದು ಬಿಡದಿರೋದು ನಿಮ್ಮ ಕೆಲಸ. ನನ್ನ ಕೆಲಸ ನಾ ಮಾಡಾಕತ್ತೇನಿ." ರಾಟಿ ನಿಲ್ಲಲಿಲ್ಲ. "ರೊಟ್ಟಿ ಆರಿ ಹೊಂಟಾವ, ಉಣ್ರಿ."

ಕಂಬಳಿ ನಿಂಗಪ್ಪನ ಮಗ್ಗಕ್ಕೆ ಏರಿತು, ಹುಣಸೇಬೀಜದ ಗಂಜಿ ಹೊಡೆಸಿಕೊಂಡು ಬಿಸಿಲಲ್ಲಿ ಒಣಗಿತು, ಮಡಿಸಿ ಗಂಗವ್ವನ ತಲೆದೆಸೆಯಲ್ಲಿ ಬಂದು ಕೂತಿತು. ಅಲ್ಲಿಂದ ಅದು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಗಂಗವ್ವ ಅಣಕಿಸುವುದನ್ನು ಬಿಟ್ಟಳು. ಸುಮ್ಮನೆ ಕಂಬಳಿಯ ಮೇಲೆ ಕೈಯಿಟ್ಟುಕೊಂಡು ಮಲಗಿರುತ್ತಿದ್ದಳು. ಅವಳು ನನ್ನನ್ನು ಅಣಕಿಸದೆ ಹೋದದ್ದು ನನಗೆ ಬೈದದ್ದಕ್ಕಿಂತ ಹೆಚ್ಚು ನೋಯಿಸಿತು.

ಕೊನೆಗೆ ನಮ್ಮ ರೇಂಜರ್ ಸಾಹೇಬರಿಗೆ ಫೋನ್ ಮಾಡಿದೆ. ನೆಟ್‌ವರ್ಕ್ ಸಿಗುವುದು ಗೇಟಿನ ಹತ್ತಿರ ಮಾತ್ರ. ಗೇಟಿಗೆ ಒರಗಿಕೊಂಡೇ ಎಲ್ಲ ಹೇಳಿದೆ. ಅವರು ಬಯಲುಸೀಮೆಯವರಲ್ಲ, ಆದರೂ ಕೊನೆಯವರೆಗೂ ಕೇಳಿಸಿಕೊಂಡರು.

"ಜನ ಯಾರೂ ಮೇಲೆ ಹೋಗಬಾರದು. ಅದರಲ್ಲಿ ಎರಡು ಮಾತಿಲ್ಲ," ಅಂದರು. ಆಮೇಲೆ ದನಿ ತಗ್ಗಿಸಿದರು. "ನೀವು ಗಸ್ತಿಗೆ ಹೋಗ್ತೀರಲ್ಲ, ಮೇಲೆ ಚಳಿ ಇರುತ್ತೆ. ಕಂಬಳಿ ತಗೊಂಡು ಹೋಗಿ. ವಾಪಸ್ ಬರೋವಾಗ ಮರೆತು ಬಂದ್ರೆ ನಾನು ಕೇಳೋದಿಲ್ಲ."

ಓಡೋಡಿ ಇಳಿದು ಬಂದು ಈರವ್ವನಿಗೆ ಹೇಳಿದೆ. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು, ಅಷ್ಟೇ.

"ನೀವು ಒಯ್ದರ ಮುಟ್ಟಂಗಿಲ್ಲರಿ. ಮನಿ ಹೆಣ್ಣುಮಗಳು ಒಯ್ಯಬೇಕು. ಸರ್ಕಾರ ಒಯ್ದು ಹೊದಿಸಿದ್ರ ಅವ್ವ ತಗೋತಾಳೇನು?"

ನನಗೆ ಮತ್ತೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದರೂ ಇವಳದೊಂದು ಎಂದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ತಟ್ಟೆ ಇರಲಿಲ್ಲ. ಪಡಸಾಲೆಯ ನಡುವೆ ಮಣೆ ಹಾಕಿತ್ತು. ಸುತ್ತ ರಂಗೋಲಿ. ಈರವ್ವ ತಲೆಸ್ನಾನ ಮಾಡಿ ಸೆರಗು ಹೊದ್ದು ನಿಂತಿದ್ದಳು. "ಬಾ, ಕುಂದ್ರು," ಅಂದಳು. ಅಲ್ಲಿಯವರೆಗೆ ಅವಳು ನನಗೆ ಏಕವಚನ ಆಡಿದವಳಲ್ಲ. ಕುಳಿತೆ. ಯೂನಿಫಾರ್ಮ್ ಮೇಲೆಯೇ ಒಂದು ಸೀರೆಯ ಸೆರಗು ಹೊದಿಸಿದಳು. ಹಣೆಗೆ ಕುಂಕುಮ ಇಟ್ಟಳು. ಅಕ್ಕಿ, ಉತ್ತತ್ತಿ, ಅರಿಶಿನಕೊಂಬು, ಖಣ, ತೆಂಗಿನಕಾಯಿ, ಒಂದೊಂದಾಗಿ ನನ್ನ ಉಡಿಗೆ ಹಾಕಿದಳು. ತವರಿನ ಮಗಳಿಗೆ ತುಂಬುವ ಉಡಿ ಅದು. ನಮ್ಮಮ್ಮನನ್ನು ಬಿಟ್ಟು ಬೇರೆ ಯಾರೂ ನನಗೆ ಉಡಿ ತುಂಬಿರಲಿಲ್ಲ.

"ಇನ್ನ ನೀ ಈ ಮನಿ ಮಗಳು. ಗಂಗಿ ಹೆಂಗೋ ನೀನೂ ಹಂಗ," ಅಂದಳು. "ನಿನ್ನ ಹೆಸರೇನು ಅಂದಿ? ಭಾಗ್ಯ ಅಲ್ಲ? ಬಾಗಿ, ಹೋಗಿ ಬಾ ಮಗಾ. ಹೊದಿಸಿದ ಮ್ಯಾಲೆ ತಿರುಗಿ ನೋಡಬ್ಯಾಡ."

ನಾನು ಅತ್ತೆ. ಯೂನಿಫಾರ್ಮ್ ಹಾಕಿಕೊಂಡು ಅಳಬಾರದೆಂದು ಟ್ರೇನಿಂಗಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗಾಗಿ ಚೆನ್ನಾಗಿಯೇ ಅತ್ತೆ. ಗಂಗವ್ವ ಒಳಗಿನಿಂದ, "ಬೆಣ್ಣಿದ್ವಾಸಿ ಕರಗಾಕತ್ತೈತಿ ನೋಡಬೇ," ಅಂದಳು. ಬಹಳ ದಿನಗಳ ಮೇಲೆ ಅವಳು ನನ್ನನ್ನು ಅಣಕಿಸಿದ್ದು.

ಬಿಸಿಲು ಚೆನ್ನಾಗಿ ಏರಿದ ಮೇಲೆ ನಾನು, ನಿಂಗಪ್ಪ ಹೊರಟೆವು. ಆ ಹೊತ್ತಿಗೆ ಕರಡಿಗಳು ಗವಿಯಲ್ಲಿ ಮಲಗಿರುತ್ತವೆ. ತಲೆಯ ಮೇಲೆ ಕಂಬಳಿ, ಕೈಯಲ್ಲಿ ಲಾಠಿ. ದಾರಿಯುದ್ದಕ್ಕೂ ಹುತ್ತಗಳನ್ನು ಬಗೆದ ಗುರುತು. ನಿಂಗಪ್ಪ ಆಗಾಗ ಲಾಠಿಯಿಂದ ಬಂಡೆ ಬಡಿಯುತ್ತಿದ್ದ, ನಾವು ಬರುತ್ತಿದ್ದೇವೆ ಎಂದು ಅವಕ್ಕೆ ತಿಳಿಯಲಿ ಎಂದು. ಗುಂಡಿನ ಕೆಳಗಿನ ಕಿರುದಾರಿಯಲ್ಲಿ ಒಂದು ಜಾಲಿಮರಕ್ಕೆ ಕರಡಿಗಳ ಓಡಾಟ ತಿಳಿಯಲು ಇಲಾಖೆಯವರು ಕೊಟ್ಟ ಕ್ಯಾಮೆರಾ ಕಟ್ಟಿದ್ದೆವು. ಎದುರಿಗೆ ಏನು ಹಾದುಹೋದರೂ ತಾನೇ ಫೋಟೋ ತೆಗೆದುಕೊಳ್ಳುವಂಥದ್ದು. ಅದನ್ನು ದಾಟಿ ತುದಿ ಏರಿದೆವು.

ಅವ್ವನ ಗುಂಡು ಹತ್ತಿರದಿಂದ ಅಂಥ ದೊಡ್ಡದೇನಲ್ಲ. ಬೆನ್ನು ಬಾಗಿಸಿ ಕೂತ ಹೆಂಗಸಿನಷ್ಟು. ಅಲ್ಲಿ ಗಾಳಿ ಕೊರೆಯುತ್ತಿತ್ತು. ಕಂಬಳಿ ಬಿಚ್ಚಿ ಹೊದಿಸಿ ಅಂಚಿಗೆ ಕಲ್ಲಿಟ್ಟೆ. ಬೆಲ್ಲದ ಗಂಟಿನ ಮೂಲೆಯನ್ನು ಮುಂದಕ್ಕೆ ಎಳೆದೆ. ಏನಾದರೂ ಬೇಡಿಕೊಳ್ಳಬೇಕೆನ್ನಿಸಿತು, ಬಾಯಿಗೆ ಬಂದದ್ದು ಇಷ್ಟೇ: "ಅವ್ವ, ಗಂಗಿ ನಕ್ಕೊಂಡಿರಲಿ."

ಇಳಿಯತೊಡಗಿದೆವು. ಹತ್ತು ಹೆಜ್ಜೆ ಆಗಿತ್ತೋ ಇಲ್ಲವೋ, ಹಿಂದೆ ಕಲ್ಲೊಂದು ಉರುಳಿದ ಸದ್ದು. ಆಮೇಲೆ ಒಂದು ಉಸಿರು, ತುಂಬಿದ ಚೀಲ ಎತ್ತಿಡುವಾಗ ಮನುಷ್ಯರು ಬಿಡುವಂಥದ್ದು. ಸದ್ದು ಬಂದರೆ ನಿಂತು ತಿರುಗಿ ನೋಡಬೇಕು ಎನ್ನುವುದು ಗಾರ್ಡಿಗೆ ಕಲಿಸಿದ ಮೊದಲ ಪಾಠ. ನಿಂಗಪ್ಪ ತುಟಿ ಅಲುಗಿಸದೆ, "ನೋಡಬ್ಯಾಡ್ರಿ ಮೇಡಮ್ಮಾರ," ಅಂದ. ನೋಡಲಿಲ್ಲ. ಗೇಟು ದಾಟುವ ಹೊತ್ತಿಗೆ ನನ್ನ ಕುತ್ತಿಗೆ ಹಿಡಿದುಕೊಂಡುಬಿಟ್ಟಿತ್ತು. ಎರಡು ದಿನ ಈರವ್ವ ಬಿಸಿ ಉಪ್ಪಿನ ಗಂಟು ಕಟ್ಟಿ ಕಾಸಿದಳು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಈರವ್ವನ ಅಂಗಳದಿಂದ ನೋಡಿದರೆ ತುದಿಯ ಬೋಳುಗುಂಡಿನ ಮೇಲೆ ಕಂಬಳಿ ಒಂದು ಕರಿಮಚ್ಚೆಯಂತೆ ಕಾಣುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಇದೆ. ಮಧ್ಯಾಹ್ನ ಇದೆ. ದೀಪ ಹಚ್ಚುವ ಹೊತ್ತಿಗೂ ಇದೆ. ಸಂಕ್ರಾಂತಿ ಬಂದು ಹೋಯಿತು, ಅದು ಅಲ್ಲೇ ಇದೆ. ಮೊದಲೆಲ್ಲ ಇಷ್ಟು ದಿನ ಹಿಡಿಯುತ್ತಿರಲಿಲ್ಲ ಎಂದು ಓಣಿಯ ಹೆಂಗಸರು ಪಿಸುಗುಟ್ಟಿದರು. ಈರವ್ವ ತಾನು ರೊಟ್ಟಿ ಮುರಿಯುವುದನ್ನು ಮರೆಯತೊಡಗಿದಳು. ನನ್ನ ಉಡಿ ತುಂಬಿದ್ದು ಸಾಲಲಿಲ್ಲವೇನೋ, ಸರ್ಕಾರದ ವಾಸನೆ ಹೋಗಿರಲಿಲ್ಲವೇನೋ ಎಂದು ನನಗೇ ಅನ್ನಿಸಲು ಶುರುವಾಯಿತು. ಪದವಿ ಓದಿದವಳು ನಾನು, ಬಿ.ಪಿ. ಎಂದರೆ ಏನೆಂದು ಗೊತ್ತಿದ್ದವಳು, ಆದರೂ ಎದ್ದ ಕೂಡಲೇ ಗುಡ್ಡ ನೋಡುತ್ತಿದ್ದೆ.

"ಅವ್ವಗ ನನ್ನ ಮ್ಯಾಲೆ ಸಿಟ್ಟು ಐತಿ," ಅಂದಳು ಗಂಗವ್ವ ಒಂದು ದಿನ. ಈರವ್ವ ಎದ್ದು ಅವಳ ಮಾತ್ರೆ, ನೀರು ತಂದಿಟ್ಟಳು.

ನೋವು ಬಂದದ್ದು ಒಂದು ಬೆಳಿಗ್ಗೆ, ಡಾಕ್ಟರಮ್ಮ ಹೇಳಿದ್ದ ದಿನಕ್ಕಿಂತ ಮೊದಲೇ. ಆ ದಿನದಂಥ ಕಾವಳವನ್ನು ನಾನು ಆಮೇಲೆ ನೋಡಿಲ್ಲ. ಅಂಗಳದ ಬೇವಿನಮರವೇ ಕಾಣುತ್ತಿರಲಿಲ್ಲ. ನಾನು ಗೇಟಿನವರೆಗೆ ಓಡಿ ಆಂಬುಲೆನ್ಸಿಗೆ ಫೋನ್ ಮಾಡಿ ಬಂದೆ. ಅದು ದೀಪ ಹಾಕಿಕೊಂಡು ತಡವರಿಸುತ್ತ ಬಂದು ನಿಂತಿತು. ಗಂಗವ್ವ ಬಾಗಿಲವರೆಗೆ ನಡೆದು ಬಂದವಳು ಚೌಕಟ್ಟು ಹಿಡಿದು ನಿಂತುಬಿಟ್ಟಳು. ಮುಖ ಊದಿತ್ತು, ಹಣೆಯ ಮೇಲೆ ಬೆವರು.

"ಕಂಬಳಿ ಐತೋ ಹೋಗೈತೋ ನೋಡಿ ಹೇಳ್ರಿ. ಇದ್ರ ನಾ ಬರಂಗಿಲ್ಲ."

"ಗಂಗಮ್ಮಾ, ಹುಚ್ಚರ ಹಂಗೆ ಆಡಬೇಡ, ನಡಿ!" ಎಂದು ನಾನು ಕೈ ಹಿಡಿದೆ. ಕಿತ್ತುಕೊಂಡಳು.

"ಅವ್ವ ಒಲ್ಲೆ ಅಂದ ಮ್ಯಾಲೆ ಅಲ್ಲಿಗೆ ಹೋಗಿ ಏನ್ ಮಾಡ್ಲಿ? ಎರಡು ಸರ್ತಿ ಬರಿಗೈಲೆ ಬಂದೇನಿ. ಮೂರನೇ ಸರ್ತಿ ಆ ದಾರ್ಯಾಗ ನಾ ಬರಲಾರೆ. ಇಲ್ಲೇ ಆಗಿದ್ದು ಆಗ್ಲಿ." ಹಲ್ಲು ಕಚ್ಚಿ ಇನ್ನೊಂದು ನೋವು ನುಂಗಿದಳು. "ಯವ್ವಾ, ನೀ ನೋಡಬೇ. ನೀ ಹೇಳು."

ಈರವ್ವ ಅಂಗಳಕ್ಕಿಳಿದಳು. ಬೆಳ್ಳಗೆ ಗೋಡೆ ಕಟ್ಟಿದಂತಿದ್ದ ಕಾವಳದ ಎದುರು ನಿಂತಳು. ಗುಡ್ಡವೇ ಇರಲಿಲ್ಲ, ಇನ್ನು ಗುಂಡೆಲ್ಲಿ, ಕಂಬಳಿಯೆಲ್ಲಿ. ಆದರೂ ಕಣ್ಣಿಗೆ ಕೈ ಅಡ್ಡ ಹಿಡಿದು, ಬಿಸಿಲಲ್ಲಿ ದೂರದ್ದನ್ನು ನೋಡುವವರ ಹಾಗೆ, ಬಹಳ ಹೊತ್ತು ನೋಡಿದಳು. ಅವ್ವನ ಹೆಸರಲ್ಲಿ ಒಂದು ಹುಸಿ ಆಣೆ ಕೂಡ ಹಾಕದ ಹೆಂಗಸು ಅವಳು. ತಿರುಗಿ ಬಂದು ಮಗಳ ಗಲ್ಲ ಹಿಡಿದಳು.

"ಇಲ್ಲ ಮಗಾ. ಗುಂಡು ಬರಿದಾಗೈತಿ. ಅವ್ವ ತಗೊಂಡಾಳ. ನಡಿ."

ಗಂಗವ್ವ ಚೌಕಟ್ಟು ಬಿಟ್ಟಳು. ಅವಳನ್ನು ಗಾಡಿ ಹತ್ತಿಸುವಾಗ ಈರವ್ವನ ಕಣ್ಣು ಒಂದು ಸಲ ನನ್ನ ಕಣ್ಣಿಗೆ ಸಿಕ್ಕಿತು. ನಾನು ನೆಲ ನೋಡಿದೆ. ಕೂಡ್ಲಿಗಿವರೆಗೂ ಈರವ್ವನ ಕೈ ನನ್ನ ಕೈಯಲ್ಲಿತ್ತು, ಹಸಿ ಮಣ್ಣಿನಷ್ಟು ತಣ್ಣಗೆ.

ಹೆಣ್ಣುಕೂಸು. ಬೆಕ್ಕಿನ ಮರಿಯಷ್ಟಿತ್ತು, ಆದರೆ ಹುಟ್ಟುತ್ತಲೇ ಕಿರುಚಿತು. ಬಿ.ಪಿ. ತಲೆಗೇರಿತ್ತು, ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಬೈದು ಬೈದು ಹೇಳಿದರು. ಕೂಸನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕೆಲ ದಿನಗಳ ಮೇಲೆ ಕೈಗೆ ಕೊಟ್ಟರು. ತಾಯಿ ಮಗಳು ಹಟ್ಟಿಗೆ ಬಂದಾಗ ಬಿಸಿಲು ಬಿದ್ದಿತ್ತು, ಗುಂಡು ಬರಿದಾಗಿತ್ತು. ಓಣಿಗೆ ಓಣಿಯೇ ಖುಷಿ. ನಿಂಗಪ್ಪ ಎಲ್ಲರಿಗೂ ಬೆಲ್ಲ ಹಂಚಿದ.

ಈರವ್ವ ಒಬ್ಬಳಿಗೆ ಮಾತ್ರ ಖುಷಿಯಿರಲಿಲ್ಲ. ನೀರಿಗೆ ಹೋದರೆ ಗುಡ್ಡಕ್ಕೆ ಬೆನ್ನು ಮಾಡಿ ನಡೆಯುವಳು. ಬಾಣಂತಿಗೆ ಎರೆದು, ಕೂಸಿನ ಬಟ್ಟೆ ಒಗೆದು, ಎಲ್ಲ ಮಾಡುವಳು, ಕೂಸನ್ನು ಮಾತ್ರ ಎತ್ತಿಕೊಳ್ಳಳು. ಕೂಸಿಗೆ ಎರೆಯಲು ಓಣಿಯ ಮುದುಕಿಯನ್ನು ಕರೆಸುವಳು. ಗುಡ್ಡಕ್ಕೆ ತೋರಿಸುವ ದಿನವನ್ನು ಇವತ್ತು ನಾಳೆ ಎಂದು ಮುಂದೂಡುವಳು. "ಹೆಣ್ಣು ಅಂತ ಹಿಂಗ ಮಾಡ್ತಾಳೇನು ನಮ್ಮವ್ವ?" ಎಂದು ಗಂಗವ್ವ ಕಣ್ಣೊರೆಸಿಕೊಂಡಳು.

ನನಗೆ ಗೊತ್ತಿತ್ತು. ಹಿತ್ತಿಲಲ್ಲಿ ಹಿಡಿದು ಕೇಳಿದೆ. "ಕಂಬಳಿ ಹೋಗೈತಲ್ಲ ಈರಮ್ಮಾರೆ, ಇನ್ನೇನು?"

"ಯಾವಾಗ ಹೋಗೈತಿ?" ಅಂದಳು. "ನಾ ಹೇಳಿದಾಗ ಹೋಗಿತ್ತೋ, ನಾವು ದವಾಖಾನ್ಯಾಗಿದ್ದಾಗ ಹೋತೋ? ಅವ್ವ ತಗೊಳ್ಳದ ತಗೊಂಡಾಳ ಅಂದಿದ್ರ ನಾ ಆಕಿ ಹೆಸರಿನ್ಯಾಗ ಸುಳ್ಳು ಹೇಳಿದಂಗಾತು. ಆ ಸುಳ್ಳು ಹೇಳಿದ ಕೈಲೆ ಕೂಸಿನ್ನ ಮುಟ್ಟಿ, ಆಕಿ ಅದರ ಮ್ಯಾಲೆ ತೀರಿಸ್ಕೊಂಡ್ರ?" ಸೆರಗು ಬಾಯಿಗಿಟ್ಟುಕೊಂಡಳು. "ನನಗ ಏನರ ಮಾಡಲಿ. ಕೂಸಿಗೆ ಬ್ಯಾಡ."

ಯಾವಾಗ ಹೋಯಿತೆಂದು ಹೇಳಲು ಗುಡ್ಡದ ಮೇಲೆ ಕ್ಯಾಮೆರಾ ಇತ್ತು. ಮರುದಿನ ನಿಂಗಪ್ಪನ ಜೊತೆ ಹೋಗಿ ಅದರ ಕಾರ್ಡು ತೆಗೆದು, ಅಲ್ಲೇ ಬಂಡೆಯ ನೆರಳಲ್ಲಿ ಕೂತು ಫೋನಿಗೆ ಹಾಕಿ ನೋಡತೊಡಗಿದೆ. ಮುಳ್ಳುಹಂದಿ. ನಿಂಗಪ್ಪನ ಕಾಲು. ನವಿಲು. ಮತ್ತೆ ನಿಂಗಪ್ಪನ ಕಾಲು. ಆಮೇಲೆ ಅದು ಬಂತು. ರಾತ್ರಿಯ ಬೂದುಬಣ್ಣದ ಚಿತ್ರ. ಹೆಣ್ಣುಕರಡಿ, ಬೆನ್ನಿನ ಮೇಲೆ ಕೂದಲು ಹಿಡಿದು ಕವುಚಿಕೊಂಡ ಮರಿ, ಬಾಯಲ್ಲಿ ಕಂಬಳಿ. ಬೆಲ್ಲದ ಗಂಟಿನ ಮೂಲೆ ಕಚ್ಚಿ ಹಿಡಿದಿದ್ದಳು. ಉಳಿದದ್ದು ನೆಲದ ಮೇಲೆ ಉದ್ದಕ್ಕೆ ಎಳೆದುಕೊಂಡು ಬರುತ್ತಿತ್ತು, ಗವಿಯ ದಾರಿಗೆ. ಕೆಳಗೆ ತಾರೀಕು, ಹೊತ್ತು. ಗಂಗವ್ವನಿಗೆ ನೋವು ಬಂದ ಬೆಳಗಿನ ಹಿಂದಿನ ರಾತ್ರಿ.

ನಿಂಗಪ್ಪ ಇಣುಕಿ ನೋಡಿ ಅಲ್ಲೇ ಕುಕ್ಕರಿಸಿದ. ಇಳಿಯುವ ದಾರಿಯುದ್ದಕ್ಕೂ ನನಗೆ ಒಂದೇ ದಿಗಿಲು. ತಾರೀಕು ತೋರಿಸಿದರೆ ಈರವ್ವನ ಭಯ ಹೋಗುತ್ತದೆ, ಆದರೆ ಚಿತ್ರ ತೋರಿಸಿದರೆ ಅವ್ವನೇ ಹೋಗಿಬಿಟ್ಟರೆ? ತಲೆತಲಾಂತರದಿಂದ ಅವ್ವ ತಗೊಂಡಳು ಎಂದುಕೊಂಡಿದ್ದನ್ನು ಒಯ್ದದ್ದು ಒಂದು ಪ್ರಾಣಿ, ಅದೂ ಬೆಲ್ಲದ ಆಸೆಗೆ ಎಂದು ನಾನು ಯಾವ ಬಾಯಿಂದ ಹೇಳಲಿ? ಆದರೂ ಮುಚ್ಚಿಡಲು ಮನಸ್ಸು ಬರಲಿಲ್ಲ. ಅವಳ ಪಕ್ಕದಲ್ಲಿ ಕೂತು ಫೋನು ಕೈಗಿಟ್ಟೆ.

"ಇದು ಹಿಂದಿನ ರಾತ್ರಿದು. ಕಾವಳ ಬಿದ್ದ ಬೆಳಿಗ್ಗೆ ನೀವು ನೋಡೋದಕ್ಕಿಂತ ಮೊದಲು. ನೀವು ಹೇಳಿದ್ದು ಖರೆ."

ಅವಳು ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಕಂಬಳ್ಯಾಕಿ," ಅಂದಳು ಮೆಲ್ಲಗೆ. ಬೆರಳು ಪರದೆಯ ಮೇಲೆ ಹೋಗಿ ನಿಂತಿತು. "ಬೆನ್ನ ಮ್ಯಾಲೆ ಏನದು?"

"ಮರಿ."

ಈರವ್ವನ ಮುಖ ಅರಳಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ.

"ಬಾಣಂತಿ!" ಅಂದಳು. "ಬಾಣಂತಿ ಅದಾಳಲೇ ಬಾಗಿ! ನಾ ಒಂದೊಂದು ಸರ್ತಿ ಅಂದ್ಕೊಳ್ತಿದ್ದೆ, ಅವ್ವ ಕಲ್ಲಾಗಿ ಕುಂತಾಕಿ, ಆಕಿಗೆ ಎಂಥಾ ಚಳಿ ಅಂತ. ನೋಡು, ಆಕಿ ತನಗ ಇಟ್ಕೊಂಡಿಲ್ಲ. ಕೂಸಿನ ತಾಯಿಗೆ ಕೊಟ್ಟಾಳ." ನಗುತ್ತ ಅಳುತ್ತ ಇದ್ದಳು. ತಟ್ಟನೆ ಏನೋ ನೆನಪಾದವಳಂತೆ ಸೆರಗೆಳೆದು ಫೋನಿನ ಮೇಲೆ ಮುಚ್ಚಿದಳು. "ಮುಚ್ಚು, ಮುಚ್ಚು. ಬಾಣಂತಿನ್ನ ಹಿಂಗ ಊರೆಲ್ಲ ತೋರಿಸ್ತಾರೇನು? ದೃಷ್ಟಿ ಆಗ್ತೈತಿ."

ಆಫೀಸಿಗೆ ಕಳಿಸಲೇಬೇಕಾದ್ದನ್ನು ಕಳಿಸಿದೆ. ಸಾಹೇಬರಿಗೆ ಈರವ್ವ ಹೇಳಿದ್ದನ್ನೂ ಹೇಳಿದೆ, ಅವರು ಚಿತ್ರವನ್ನು ಫೈಲಿನಿಂದ ಹೊರಗೆ ಬಿಡಲಿಲ್ಲ. ನನ್ನ ಫೋನಿನಿಂದ ಅವತ್ತೇ ಅಳಿಸಿದೆ. ಅಷ್ಟು ಒಳ್ಳೆಯ ಚಿತ್ರ ಇನ್ನೊಂದು ನನಗೆ ಸಿಕ್ಕಿಲ್ಲ, ಆದರೂ ಹೊಟ್ಟೆ ಉರಿದಿಲ್ಲ.

ಈರವ್ವ ಕೈ ತೊಳೆದುಕೊಂಡು ಒಳಗೆ ಹೋದಳು. ಗಂಗವ್ವನ ಮಗ್ಗುಲಿನಿಂದ ಕೂಸನ್ನು ಎತ್ತಿ, ಎರಡು ವಾರದ ಮುತ್ತುಗಳನ್ನೆಲ್ಲ ಒಂದೇ ಉಸಿರಿಗೆ ತೀರಿಸಿ, ಅಂಗಳಕ್ಕಿಳಿದಳು. ಇಷ್ಟು ದಿನ ಬೆನ್ನು ಹಾಕಿದ್ದ ಗುಡ್ಡಕ್ಕೆ ಮುಖ ಮಾಡಿ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ನೋಡವ್ವ, ನಮ್ಮಾಕಿ ಬಂದಾಳ. ನಿಮ್ಮಾಕಿ ಸುದ್ದಿನೂ ಮುಟ್ಟೇತಿ."

ಬೇಸಿಗೆ ಬರುವ ಹೊತ್ತಿಗೆ ನನಗೆ ವರ್ಗವಾಯಿತು. ಹೊರಡುವ ದಿನ ಈರವ್ವನ ಕಾಲಿಗೆ ಬಿದ್ದು, ಹಟ್ಟಿಯ ಹೆಣ್ಣುಮಕ್ಕಳ ಹಾಗೆ ಅಂಗಳಕ್ಕಿಳಿದು ಗುಡ್ಡಕ್ಕೂ ಕೈಮುಗಿದೆ. ಈಗ ಹರಪನಹಳ್ಳಿಯಲ್ಲಿ ಸಸಿ ಬೆಳೆಸುವ ನರ್ಸರಿಯ ಕೆಲಸ. ಮದುವೆಯಾಗಿದೆ. ಬಸ್ಸಿನಲ್ಲಿ ಆ ಅಜ್ಜನ ಪಕ್ಕ ಕೂತು ನಾನು ಅಷ್ಟು ಆಸೆಯಿಂದ ಮೂಗು ಅರಳಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನನಗೀಗ ಐದು ತಿಂಗಳು. ಅಜ್ಜ ಇಳಿಯುವಾಗ ನನ್ನ ಹೊಟ್ಟೆ ಗಮನಿಸಿ, "ಹಿಂಗಿದ್ದಾಗ ಒಂದೊಂದು ವಾಸ್ನಿ ಸೇರ್ತೈತಿ ಬಿಡವ್ವ," ಎಂದು ತಾನೇ ಸಮಾಧಾನ ಮಾಡಿಕೊಂಡು ಹೋದ.

ಮನೆಗೆ ಬಂದವಳೇ ಈರವ್ವನಿಗೆ ಫೋನ್ ಮಾಡಿದೆ. ವಿಷಯ ಹೇಳುವಾಗ ನನಗೇ ನಾಚಿಕೆ. ಆ ಕಡೆಯಿಂದ ಮೊದಲು ಕೇಳಿಸಿದ್ದು ಗಂಗವ್ವನ ಮಗಳ ಗಲಾಟೆ, ಆಮೇಲೆ ಅದರ ಹಿಂದೆ ಗರ್ ಗರ್ ಎನ್ನುವ ಸದ್ದು.

"ರಾಟಿ ಯಾಕೆ ತಿರುಗ್ತೈತೆ ಅವ್ವಾ?" ಅಂದೆ.

"ನಿನ್ನ ಗಂಡ ನಿಂಗಪ್ಪಗ ಹೇಳಿದ್ದನಂತ. ನೀ ಹೇಳತನಕ ಕುಂತಿರ್ತೀನೇನು? ಅರ್ಧ ನೂಲು ಆಗೈತಿ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಆದರೆ ಅದನ್ನ ಮೇಲೆ ಯಾರು ಒಯ್ತಾರೆ? ಹೊಸ ಗಾರ್ಡ್ ಬಂದಾಳಂತಲ್ಲ, ಹಡಗಲಿ ಕಡೆಯಾಕಿ. ಭಾಳ ಕಟ್ಟುನಿಟ್ಟು ಅಂತ ಕೇಳೀನಿ. ಗೇಟಿನ ಹತ್ತಿರಾನೂ ಯಾರನ್ನೂ ಬಿಡಂಗಿಲ್ಲಂತೆ."

"ಹೌದು, ನಿನ್ನಂಗ ಸಿಟ್ಟಿನಾಕಿ," ಅಂದಳು ಈರವ್ವ. ರಾಟಿ ನಿಲ್ಲಲಿಲ್ಲ. "ನೀ ಚಿಂತಿ ಮಾಡಬ್ಯಾಡ ಮಗಾ. ಆಕಿನ್ನ ನಿನ್ನ ಕೋಣ್ಯಾಗ ಇಟ್ಕೊಂಡೇನಿ. ದಿನಾ ರೊಟ್ಟಿ ಹಾಕಾಕತ್ತೇನಿ."